ಮೊದಲ ಕಂತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ಈ ಎರಡು ಕಾರ್ಯಗಳ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದಾರೆ. ಮದುವೆಯನ್ನು ನಾನು ಎರಡು ಬಾರಿ ಮಾಡಿ ನೋಡಿದ್ದೇನೆ. ಓದುಗರು ಹೌಹಾರಬೇಕಾಗಿಲ್ಲ, ಇಬ್ಬರು ಹೆಣ್ಣುಮಕ್ಕಳ ಮದುವೆಯ ಮಾತು ಹೇಳುತ್ತಿದ್ದೇನೆ. ಮನೆಯನ್ನು ಮಾತ್ರ ಈವರೆಗೆ ಕಟ್ಟಿದವನಲ್ಲ. ತಂದೆಯವರು ಬಿಟ್ಟುಹೋದ ಹೆಂಚಿನ ಮನೆಯಲ್ಲಿಯೇ ಸುಖವಾಗಿ ಕಾಲ ಹಾಕುತ್ತಿದ್ದೇನೆ. ಆದರೂ ಮನೆ ಕಟ್ಟುವವರ ಸಂಕಟವನ್ನು ನನ್ನಷ್ಟು ಹತ್ತಿರದಿಂದ ಕಂಡವರು ಮೇಸ್ತ್ರಿಗಳಲ್ಲಿಯೂ ವಿರಳವೆಂದು ಧೈರ್ಯವಾಗಿ ಹೇಳಬಲ್ಲೆ. ಏಕೆಂದರೆ ಇಪ್ಪತ್ತೇಳು ವರ್ಷಗಳ ಕಾಲ ನಾನು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಯಾಗಿ, ಕೊನೆಯ ಕೆಲವು ವರ್ಷ ಅಭಿವೃದ್ಧಿ ಅಧಿಕಾರಿಯಾಗಿ, ಸರಕಾರದ ಸಹಾಯಧನದಿಂದ ಏಳುವ ಬಡವರ ಮನೆಗಳ ಕಡತಗಳನ್ನು ಹೊತ್ತವನು.

ಕಾರ್ಯದರ್ಶಿಯ ಕೆಲಸವೆಂದರೆ ಏನೆಂದು ನಗರದ ನೆಂಟರು ಕೇಳಿದಾಗಲೆಲ್ಲ ನನಗೆ ಉತ್ತರ ಹೊಳೆಯುತ್ತಿರಲಿಲ್ಲ. ಕೊಳಾಯಿಯಲ್ಲಿ ನೀರು ಬಾರದಿದ್ದರೆ ನಾನು, ಬೀದಿದೀಪ ಉರಿಯದಿದ್ದರೆ ನಾನು, ಯಾರದೋ ಹಸು ಯಾರದೋ ಜೋಳಕ್ಕೆ ಬಾಯಿ ಹಾಕಿದರೂ ನಾನು. ಆದರೆ ಇವೆಲ್ಲ ಆ ದಿನಕ್ಕೆ ಹುಟ್ಟಿ ಆ ದಿನಕ್ಕೇ ಸಾಯುವ ತಕರಾರುಗಳು. ವರ್ಷಗಟ್ಟಲೆ ಬೆನ್ನು ಬಿಡದೆ ಬರುತ್ತಿದ್ದುದು ಒಂದೇ ಪ್ರಶ್ನೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುವವರೂ ಸೌಟನ್ನು ಅರೆಗಳಿಗೆ ನಿಲ್ಲಿಸಿ ಕೇಳುತ್ತಿದ್ದರು: "ಸ್ವಾಮಿ, ನಮ್ಮ ಮನೆ ಏನಾಯಿತು?"

'ನಮ್ಮ ಮನೆ' ಎಂದರೆ ಇನ್ನೂ ಕಟ್ಟದ ಮನೆ. ಕಾಗದದ ಮೇಲೆ ಒಂದು ಸಂಖ್ಯೆಯಾಗಿ ಮಾತ್ರ ಇರುವ ಮನೆ.

ಈ ಕಾಗದದ ಮನೆಗಳ ವಂಶಾವಳಿ ದೊಡ್ಡದು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಎಪ್ಪತ್ತರ ದಶಕದ 'ಜನತಾ ಮನೆ'ಗಳನ್ನು ಹಳ್ಳಿಯ ಮುದುಕರು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ೧೯೮೫ರಲ್ಲಿ ಕೇಂದ್ರ ಸರಕಾರದ ಇಂದಿರಾ ಆವಾಸ್ ಯೋಜನೆ ಬಂತು. ೧೯೯೧–೯೨ರಲ್ಲಿ ರಾಜ್ಯ ಸರಕಾರ 'ಆಶ್ರಯ'ವನ್ನು ಆರಂಭಿಸಿತು. ೧೯೯೩ರ ಪಂಚಾಯತ್ ರಾಜ್ ಅಧಿನಿಯಮದಿಂದ ಇಂದಿನ ಗ್ರಾಮ ಪಂಚಾಯಿತಿಗಳು ಹುಟ್ಟಿದವು. ಮರುವರ್ಷ ನಾನು ಕೆಲಸಕ್ಕೆ ಸೇರಿದೆ. ೨೦೦೦ದಲ್ಲಿ ವಸತಿ ಯೋಜನೆಗಳನ್ನೆಲ್ಲ ನೋಡಿಕೊಳ್ಳುವುದಕ್ಕೆಂದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಆಮೇಲೆ ಬಸವ ವಸತಿ, ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ. ೨೦೧೬ರಲ್ಲಿ ಇಂದಿರಾ ಆವಾಸದ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್. ಹಲಗೆಯ ಮೇಲಿನ ಹೆಸರುಗಳು ಬದಲಾದವು. ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರು ಮಾತ್ರ ಅವರೇ, ಇಲ್ಲವೇ ಅವರ ಮಕ್ಕಳು.

ಹಣವೂ ಬೆಳೆಯುತ್ತ ಬಂತು. ಇಂದಿರಾ ಆವಾಸದಲ್ಲಿ ಬಯಲುಸೀಮೆಯ ಒಂದು ಮನೆಗೆ ಮೊದಲು ೨೦ ಸಾವಿರ ರೂಪಾಯಿ ಕೊಡುತ್ತಿದ್ದೆವು. ೨೦೦೪ರಲ್ಲಿ ಅದು ೨೫ ಸಾವಿರವಾಯಿತು; ೨೦೦೮ರಲ್ಲಿ ೩೫, ೨೦೧೦ರಲ್ಲಿ ೪೫, ೨೦೧೩ರಲ್ಲಿ ೭೦ ಸಾವಿರ. ೨೦೧೬ರ ಹೊಸ ಯೋಜನೆಯಲ್ಲಿ ೧ ಲಕ್ಷ ೨೦ ಸಾವಿರಕ್ಕೆ ಏರಿತು. ಮನೆಯ ಕನಿಷ್ಠ ಅಳತೆಯೂ ೨೦ ಚದರ ಮೀಟರಿನಿಂದ ೨೫ಕ್ಕೆ, ಎಂದರೆ ಸುಮಾರು ೨೭೦ ಚದರ ಅಡಿಗೆ ಬೆಳೆಯಿತು. ಓದುಗರಲ್ಲಿ ಕೆಲವರ ಮನೆಯ ಹಜಾರವೇ ಇದಕ್ಕಿಂತ ದೊಡ್ಡದಿರಬಹುದು. ಆ ಅಳತೆಯೊಳಗೆ ಅಡಿಗೆಮನೆಯೂ ಸೇರಿರಬೇಕು. ಸರಕಾರದ ಹಣ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಏರುತ್ತಿದ್ದರೆ, ಸಿಮೆಂಟು, ಕಬ್ಬಿಣ, ಮೇಸ್ತ್ರಿಯ ಕೂಲಿಗಳು ಎರಡೆರಡು ಮೆಟ್ಟಿಲು ಹಾರುತ್ತ ಅದಕ್ಕಿಂತ ಮುಂಚೆಯೇ ಮಹಡಿ ಸೇರಿರುತ್ತಿದ್ದವು.

ಮೊದಲನೆಯ ಕಷ್ಟ ಆಯ್ಕೆಯದು. ಯಾರಿಗೆ ಮನೆ ಕೊಡಬೇಕೆಂಬುದನ್ನು ತೀರ್ಮಾನಿಸುವುದು ಗ್ರಾಮಸಭೆ. ನಾನಿದ್ದ ಪಂಚಾಯಿತಿ ತುಮಕೂರು ಜಿಲ್ಲೆಯ ಒಣಸೀಮೆಯದು. ಶೇಂಗಾ, ಹುಣಸೆ, ಬಂಡೆಗಳ ನಾಡು. ಸಭೆಯ ಹಿಂದಿನ ದಿನ ತಮಟೆ ಹೊಡೆಸಿ ಸಾರುತ್ತಿದ್ದೆವು. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿ, ಬೇರೆ ಇಲಾಖೆಯಿಂದ ಬಂದ ನೋಡಲ್ ಅಧಿಕಾರಿಯನ್ನು ಕುರ್ಚಿಯ ಮೇಲೆ ಕೂರಿಸಿ, ನಾನು ನಡವಳಿ ಪುಸ್ತಕ ತೆರೆಯುತ್ತಿದ್ದೆ. ಬಂದ ಮನೆಗಳು ಹತ್ತಾದರೆ ಅರ್ಜಿಗಳು ನೂರು. ಹತ್ತು ಮಂದಿಯನ್ನು ಆರಿಸುವುದೆಂದರೆ ತೊಂಬತ್ತು ಮಂದಿಗೆ ಇಲ್ಲವೆನ್ನುವುದು ಎಂಬ ಲೆಕ್ಕವನ್ನು ಆ ಅಂಗಳದಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಗ್ರಾಮಸಭೆಗಳ ಬಗ್ಗೆ ಹಗುರವಾಗಿ ಮಾತನಾಡುವವರನ್ನು ಕಂಡಿದ್ದೇನೆ. ಅಲ್ಲಿ ಗಲಾಟೆಯುಂಟು, ಗುಂಪುಗಾರಿಕೆಯುಂಟು, ತಮ್ಮವರ ಹೆಸರನ್ನೇ ಮೊದಲು ಬರೆಯಬೇಕೆಂಬ ಹಟವುಂಟು. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ಯಾರ ಸೂರು ಸೋರುತ್ತದೆ ಎಂಬುದು ಊರಿಗೆ ತಿಳಿದಷ್ಟು ಯಾವ ಕಡತಕ್ಕೂ ತಿಳಿಯದು. ಒಬ್ಬನು ತಾನು ನಿರ್ಗತಿಕನೆಂದು ಎದ್ದು ನಿಂತರೆ, ಹಿಂದಿನಿಂದ ಒಂದು ದನಿ "ಮಾವ, ತುಮಕೂರಿನ ಬಾಡಿಗೆ ಮನೆ ಯಾರದು?" ಎಂದು ಕೇಳಿಬಿಡುತ್ತದೆ. ಆತ ಮೆಲ್ಲನೆ ಕುಳಿತುಕೊಳ್ಳುತ್ತಾನೆ. ಯಾವ ತನಿಖಾಧಿಕಾರಿಯೂ ಇಷ್ಟು ಬೇಗ ವರದಿ ಕೊಡಲಾರ.

ಇದಕ್ಕೆ ಹೋಲಿಸಿದರೆ ಅಚ್ಚಾದ ನಿಯಮಗಳು ಕೆಲವು ವೇಳೆ ಕುರುಡಾಗಿರುತ್ತಿದ್ದವು. ಕೇಂದ್ರದ ಯೋಜನೆಗೆ ೨೦೧೧ರ ಸಾಮಾಜಿಕ–ಆರ್ಥಿಕ ಗಣತಿಯ ಪಟ್ಟಿಯೇ ಆಧಾರವಾಗಿತ್ತು. ಆ ವರ್ಷ ತಂದೆಯ ಮನೆಯಲ್ಲಿದ್ದು ಆಮೇಲೆ ಮದುವೆಯಾಗಿ ಬೇರೆ ಗುಡಿಸಲು ಹೂಡಿದವನ ಹೆಸರು ಅದರಲ್ಲಿರಲಿಲ್ಲ. ಅಂಥವರನ್ನು ಸೇರಿಸಿಕೊಳ್ಳುವ ಸಮೀಕ್ಷೆ ನಡೆಯಲು ೨೦೧೮ರವರೆಗೆ ಕಾಯಬೇಕಾಯಿತು. ಯಂತ್ರದ ದ್ವಿಚಕ್ರ ವಾಹನವಿದ್ದರೆ, ಫ್ರಿಜ್ ಇದ್ದರೆ, ಮನೆಯಲ್ಲಿ ಸ್ಥಿರ ದೂರವಾಣಿಯಿದ್ದರೆ ಆ ಕುಟುಂಬಕ್ಕೆ ಮನೆಯಿಲ್ಲ. ಊರೂರಿಗೆ ಸೊಪ್ಪು ಮಾರುವ ಒಬ್ಬ ಹುಡುಗ, ಕೈ ಬದಲಾದ ಹಳೆಯ ಮೊಪೆಡ್ಡೊಂದನ್ನು ಕೊಂಡ ತಪ್ಪಿಗೆ ಪಟ್ಟಿಯಿಂದ ಹೊರಗುಳಿದುದನ್ನು ಕಂಡಿದ್ದೇನೆ. ಮಳೆ ಬಂದರೆ ಅವನು ಮೊಪೆಡ್ಡಿಗೆ ತಾಡಪಾಲು ಹೊದಿಸಿ, ತಾನು ಶಾಲೆಯ ಜಗಲಿಯಲ್ಲಿ ಮಲಗುತ್ತಿದ್ದ. ೨೦೨೪ರಲ್ಲಿ ಈ ಮೂರು ನಿಬಂಧನೆಗಳನ್ನೂ ತೆಗೆದುಹಾಕಿದರೆಂದು ಪತ್ರಿಕೆಯಲ್ಲಿ ಓದಿ, ನಿವೃತ್ತನಾಗಿದ್ದರೂ ನನಗೆ ಸಂತೋಷವಾಯಿತು.

ಎರಡನೆಯ ಕಷ್ಟ ಜಾಗದ್ದು. ಸರಕಾರ ಕೊಡುವುದು ಮನೆಗೆ ಹಣ. ಮನೆ ನಿಲ್ಲಬೇಕಾದ ನೆಲಕ್ಕೆ ಪತ್ರವನ್ನು ಫಲಾನುಭವಿಯೇ ತರಬೇಕು. ಅಜ್ಜನ ಕಾಲದಿಂದ ವಾಸವಿದ್ದರೂ ಜಾಗ ದೊಡ್ಡಪ್ಪನ ಹೆಸರಿನಲ್ಲಿರುತ್ತದೆ, ದೊಡ್ಡಪ್ಪ ತೀರಿಕೊಂಡಿರುತ್ತಾರೆ, ಅವರ ಮಕ್ಕಳು ಮುಂಬಯಿಯಲ್ಲಿರುತ್ತಾರೆ. ಈ ಗಂಟುಗಳನ್ನು ಬಿಡಿಸಲು ಒಮ್ಮೊಮ್ಮೆ ಮನೆ ಕಟ್ಟುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಒಂದು ನಿಯಮ ಮಾತ್ರ ನನಗೆ ಬಹಳ ಹಿಡಿಸಿತ್ತು. ಮನೆಯನ್ನು ಸಾಧ್ಯವಿದ್ದಷ್ಟೂ ಹೆಂಡತಿಯ ಹೆಸರಿಗೆ, ಇಲ್ಲವೇ ಗಂಡ–ಹೆಂಡಿರಿಬ್ಬರ ಹೆಸರಿಗೂ ಮಂಜೂರು ಮಾಡಬೇಕು. "ಅವಳ ಹೆಸರಿಗೆ ಮನೆಯಾದರೆ ನನ್ನನ್ನು ಹೊರಗೆ ಹಾಕಿಬಿಟ್ಟಾಳು" ಎಂದು ಒಬ್ಬ ಗಂಡ ನನ್ನ ಮೇಜಿನೆದುರು ಗೋಳಿಟ್ಟ. ಅವನ ಹೆಂಡತಿ ಮೆಲ್ಲಗೆ, "ನೀವು ಕುಡಿಯದೆ ಬಂದರೆ ಯಾಕೆ ಹಾಕ್ತೀನಿ?" ಎಂದಳು. ಆಮೇಲೆ ಅವನು ತುಟಿ ಪಿಟ್ಟೆನ್ನದೆ ಅರ್ಜಿಗೆ ಹೆಬ್ಬೆಟ್ಟು ಒತ್ತಿದ.

ಈ ಎರಡು ಕಷ್ಟಗಳನ್ನೂ ಎಲ್ಲರೂ ಬಲ್ಲರು, ಪತ್ರಿಕೆಗಳೂ ಬರೆಯುತ್ತವೆ. ಮೂರನೆಯದೊಂದಿದೆ. ಅದು ಕಣ್ಣಿಗೆ ಬೀಳುವುದು ಕಡಿಮೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಿದ್ದು.

ಸಹಾಯಧನವನ್ನು ಒಂದೇ ಗಂಟಾಗಿ ಕೊಡುವುದಿಲ್ಲ. ನಾನು ಹೆಚ್ಚಾಗಿ ನಿರ್ವಹಿಸಿದ ರಾಜ್ಯದ ಯೋಜನೆಗಳಲ್ಲಿ ನಾಲ್ಕು ಹಂತಗಳಿದ್ದವು: ತಳಪಾಯ, ಲಿಂಟಲ್ ಮಟ್ಟದ ಗೋಡೆ, ಛಾವಣಿ, ಕೊನೆಗೆ ಪೂರ್ಣಗೊಂಡ ಮನೆ. ಒಂದು ಹಂತ ಮುಗಿದ ಮೇಲೆ ನಾವು ಸ್ಥಳಕ್ಕೆ ಹೋಗಿ, ಮನೆಯ ಮುಂದೆ ಯಜಮಾನಿಯನ್ನು ನಿಲ್ಲಿಸಿ, ಜಾಗದ ಗುರುತು ತಾನಾಗಿ ದಾಖಲಾಗುವ ಜಿಪಿಎಸ್ ಫೋಟೋ ತೆಗೆದು ಕಳುಹಿಸಿದರೆ, ಆ ಹಂತದ ಹಣ ನೇರವಾಗಿ ಆಕೆಯ ಬ್ಯಾಂಕಿನ ಖಾತೆಗೆ ಬಂದು ಬೀಳುತ್ತಿತ್ತು. ಒಟ್ಟು ೧ ಲಕ್ಷ ೨೦ ಸಾವಿರವಾದರೆ ಕಂತಿಗೆ ಸುಮಾರು ೩೦ ಸಾವಿರ.

ಈ ಏರ್ಪಾಡಿನ ಹಿಂದಿನ ಕಾರಣ ಸುಳ್ಳಲ್ಲ. ಹಿಂದಿನ ಕಾಲದಲ್ಲಿ ಪಟ್ಟಿಯಲ್ಲಿ ಮಾತ್ರ ಎದ್ದುನಿಂತು ನೆಲದ ಮೇಲೆ ಎಲ್ಲಿಯೂ ಕಾಣದ ಮನೆಗಳಿದ್ದವು. ಮಧ್ಯವರ್ತಿಗಳು ಚೆಕ್ಕು ಕೈಗೆ ಬರುವ ಮುಂಚೆಯೇ ತಮ್ಮ ಪಾಲು ಮುರಿದುಕೊಳ್ಳುತ್ತಿದ್ದರು. ಛಾವಣಿಯ ಹಣ ಮಗಳ ಮದುವೆಗೋ ಎತ್ತಿನ ಜೋಡಿಗೋ ಹೋಗಿ, ಗೋಡೆಗಳು ಮಳೆಗೆ ಕರಗುತ್ತಿದ್ದವು. ಹಂತ, ಫೋಟೋ, ನೇರ ಖಾತೆ ಬಂದ ಮೇಲೆ ಈ ಪಿಡುಗು ಬಹುಮಟ್ಟಿಗೆ ತಗ್ಗಿದುದನ್ನು ನಾನು ಕಣ್ಣಾರೆ ಕಂಡವನು. ಆದರೆ ಕಳ್ಳನಿಗೆಂದು ಹಾಕಿದ ಬೀಗ ಕೆಲವು ಸಲ ಮನೆಯವರನ್ನೇ ಹೊರಗೆ ನಿಲ್ಲಿಸುತ್ತದೆ.

ಅದನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟವಳು ಐವತ್ತರ ಆಸುಪಾಸಿನ ಒಬ್ಬ ವಿಧವೆ. ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಮಣ್ಣು, ಜಲ್ಲಿ, ಸಿಮೆಂಟಿನ ಬಾಣಲಿ ಹೊತ್ತು ಪರರ ಮನೆಗಳನ್ನು ಕಟ್ಟುವುದರಲ್ಲಿ ಆಕೆಯ ಆಯುಷ್ಯ ಕಳೆದಿತ್ತು. ೨೦೧೮ರ ಗ್ರಾಮಸಭೆಯಲ್ಲಿ ಆಕೆಯ ಹೆಸರು ಯಾವ ಆಕ್ಷೇಪಣೆಯೂ ಇಲ್ಲದೆ ಮೊದಲ ಸಾಲಿನಲ್ಲಿಯೇ ಬಂತು. ನಾನು ಓದಿದೆ. ಆಕೆ ಎದ್ದು ನಿಂತು, ಸೆರಗನ್ನು ಸರಿಪಡಿಸಿಕೊಂಡು, "ನನಗೆ ಬ್ಯಾಡ ಸಾಮಿ, ಬೇರೆಯೋರಿಗೆ ಬರ್ಕೊಳಿ" ಎಂದಳು.

ಅಂಗಳದಲ್ಲಿ ಗುಸುಗುಸು ಎದ್ದಿತು. ಮನೆ ಬೇಕೆಂದು ಜಗಳವಾಡಿದವರನ್ನು ನಾವು ಕಂಡಿದ್ದೆವು, ಬೇಡವೆಂದವರನ್ನು ಕಂಡಿರಲಿಲ್ಲ. ಸದಸ್ಯರೊಬ್ಬರು, "ಬಂದ ಭಾಗ್ಯವನ್ನು ಕಾಲಲ್ಲಿ ಒದೀತಿದ್ದೀಯಲ್ಲ, ನಿನಗೇನು ಹುಚ್ಚೇ?" ಎಂದು ಗದರಿದರು.

"ಹುಚ್ಚಲ್ಲಣ್ಣ," ಎಂದಳು ಆಕೆ. "ಮೊದ್ಲು ಪಾಯ ಹಾಕು, ಆಮೇಲೆ ದುಡ್ಡು ಅಂತೀರಿ. ಪಾಯ ಹಾಕೋ ದುಡ್ಡು ಇದ್ದಿದ್ರೆ ನಾನ್ಯಾಕೆ ಆ ಗುಡ್ಲಾಗಿರ್ತಿದ್ದೆ? ನಮ್ಮಕ್ಕನ ಮನೆ ನೋಡಿದ್ದೀರಲ್ಲ. ಇದ್ದ ಗುಡ್ಲೂ ಹೋಯ್ತು, ಮನೇನೂ ಆಗ್ಲಿಲ್ಲ."

ಅಕ್ಕನ ಮನೆಯನ್ನು ನಾವೆಲ್ಲ ಬಲ್ಲೆವು. ಪಕ್ಕದ ಹಳ್ಳಿಯ ದಾರಿಯಲ್ಲಿಯೇ ಇತ್ತು. ನಾಲ್ಕು ಗೋಡೆಗಳು ಕಿಟಕಿಯ ಮೇಲಿನ ಲಿಂಟಲಿನವರೆಗೆ ಎದ್ದು, ಅಲ್ಲಿಗೇ ನಿಂತು, ಒಳಗೆ ಸೀಮೆಜಾಲಿ ಬೆಳೆದಿತ್ತು. ಆಕೆ ತಳಪಾಯಕ್ಕೆಂದು ೪೦ ಸಾವಿರ ಕೈಗಡ ತಂದಿದ್ದಳು. ನಮ್ಮ ಕಡೆ ಕೈಗಡದ ದರ ನೂರಕ್ಕೆ ತಿಂಗಳಿಗೆ ೩ ರೂಪಾಯಿ. ಎಂದರೆ ತಿಂಗಳಿಗೆ ೧,೨೦೦ ರೂಪಾಯಿ ಬಡ್ಡಿ. ತಳಪಾಯದ ಕಂತು ೩೦ ಸಾವಿರ ಬಂದ ದಿನ, ಬ್ಯಾಂಕಿನ ಬಾಗಿಲಲ್ಲಿಯೇ ಸಾಲಗಾರ ನಿಂತಿದ್ದ. ಗೋಡೆಗೆ ಮತ್ತೆ ಹೊಸ ಸಾಲ. ಗೋಡೆಯ ಕಂತು ಬಂದಾಗ ಅದೂ ಹಾಗೆಯೇ ಹೋಯಿತು. ಛಾವಣಿಗೆ ಕಬ್ಬಿಣ, ಸಿಮೆಂಟು, ಸೆಂಟ್ರಿಂಗಿನ ಬಾಡಿಗೆ ಎಲ್ಲ ಒಂದೇ ದಿನಕ್ಕೆ ಒದಗಬೇಕು. ಅದು ಸ್ವಲ್ಪಸ್ವಲ್ಪವಾಗಿ ಮಾಡುವ ಕೆಲಸವಲ್ಲ. ಮೂರನೆಯ ಸಲ ಆಕೆಗೆ ಯಾರೂ ಸಾಲ ಕೊಡಲಿಲ್ಲ. ಛಾವಣಿಯಾಗದೆ ಮೂರನೆಯ ಕಂತಿಲ್ಲ, ಮೂರನೆಯ ಕಂತಿಲ್ಲದೆ ಛಾವಣಿಯಿಲ್ಲ. ಹಳೆಯ ಗುಡಿಸಲನ್ನು ತಳಪಾಯಕ್ಕೆ ಜಾಗ ಬೇಕೆಂದು ಮೊದಲೇ ಕಿತ್ತುಹಾಕಿದ್ದಳು.

ಸರಕಾರದ ಪಟ್ಟಿಯಲ್ಲಿ ಅವಳು 'ಪ್ರಗತಿಯಲ್ಲಿದೆ' ಎಂಬ ಅಂಕಣದಲ್ಲಿದ್ದಳು. ಹೊರಗೆ ನಿಂತು ನೋಡುವವರ ಕಣ್ಣಿಗೆ ಸರಕಾರದ ಹಣ ತಿಂದು ಮನೆ ಮುಗಿಸದ ಸೋಮಾರಿಯಾಗಿದ್ದಳು.

ಓದುಗರಲ್ಲಿ ಬ್ಯಾಂಕಿನ ಸಾಲದಿಂದ ಮನೆ ಕಟ್ಟಿದವರಿದ್ದರೆ ಅವರಿಗೆ ಕಂತುಗಳ ಈ ಪದ್ಧತಿ ಹೊಸದೇನಲ್ಲ. ಬ್ಯಾಂಕೂ ನಿಮ್ಮ ಪಾಲಿನ ಹಣ ಮೊದಲು ಹಾಕಿರೆನ್ನುತ್ತದೆ. ಎದ್ದ ಗೋಡೆಯನ್ನು ನೋಡಿಕೊಂಡೇ ಹಣ ಬಿಡುತ್ತದೆ. ಆದರೆ ಆ ಸಮಯದಲ್ಲಿ ನಮಗೆ ಭವಿಷ್ಯನಿಧಿಯಿರುತ್ತದೆ, ಮನೆಯಾಕೆಯ ಬಳೆಗಳಿರುತ್ತವೆ, ಬೇಸರಿಸಿಕೊಂಡಾದರೂ ಕೈ ಹಿಡಿಯುವ ಭಾವಮೈದುನ ಇರುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಕಟ್ಟಡ ಮೂರು ತಿಂಗಳು ನಿಂತರೂ ಮಲಗಲು ಬಾಡಿಗೆ ಮನೆಯಿರುತ್ತದೆ. ಬಡವರಿಗೆಂದು ಮಾಡಿದ ನಿಯಮ, ಬಡತನವೊಂದನ್ನು ಬಿಟ್ಟು ಉಳಿದುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹತ್ತು ಮಂದಿ ಆಯ್ಕೆಯಾದರೆ ಅವರಲ್ಲಿ ಸ್ವಲ್ಪ ಅನುಕೂಲವಿದ್ದವನ ಮನೆ ಆರು ತಿಂಗಳಲ್ಲಿ ಮುಗಿಯುತ್ತಿತ್ತು. ಎಲ್ಲರಿಗಿಂತ ಬಡವಿಯದು ಮೊದಲಾಗುತ್ತಲೇ ಇರಲಿಲ್ಲ. ನಿಗದಿತ ಅವಧಿಯಲ್ಲಿ ಕೆಲಸ ಆರಂಭವಾಗದಿದ್ದರೆ ಗಣಕಯಂತ್ರ ಆ ಮನೆಗೆ ತಡೆ ಹಾಕುತ್ತಿತ್ತು. "ನನ್ನ ಮನೆ ಬ್ಲಾಕ್ ಆಗೈತಂತೆ" ಎಂದು ಅಕ್ಷರ ಬಾರದವರೂ ಹೇಳುವುದನ್ನು ಕಲಿತಿದ್ದರು.

ಆ ದಿನ ಸಭೆಯಲ್ಲಿ ಆಕೆಯ ಹೆಸರನ್ನು ಹೊಡೆದುಹಾಕಿ ಮುಂದಕ್ಕೆ ಹೋಗುವುದು ಸುಲಭವಾಗಿತ್ತು. ಕಾದು ನಿಂತವರಿಗೂ ಅದೇ ಬೇಕಿತ್ತು. ಹಾಗಾಗದಂತೆ ತಡೆದವರು ಅಧಿಕಾರಿಗಳಲ್ಲ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸ್ತ್ರೀಶಕ್ತಿ ಸಂಘದ ಹೆಂಗಸರು. ಅವರ ಮುಖಂಡಳು ಎದ್ದು, "ಅವ್ಳ ಹೆಸ್ರು ಇರ್ಲಿ ಸಾರ್. ಪಾಯದ ಮಾತು ನಾವು ಕೂತು ಮಾತಾಡ್ತೀವಿ" ಎಂದಳು. ನೋಡಲ್ ಅಧಿಕಾರಿ ನನ್ನ ಮುಖ ನೋಡಿದರು. ನಾನು ಹೆಸರನ್ನು ಬರೆದುಕೊಂಡೆ.

ಮರುದಿನ ಸಂಜೆ ಪಂಚಾಯಿತಿಯ ಜಗಲಿಯ ಮೇಲೆ ಲೆಕ್ಕ ಶುರುವಾಯಿತು. ೪೦ ಸಾವಿರದ ತಳಪಾಯವನ್ನು ಎಷ್ಟು ತುಂಡು ಮಾಡಬಹುದು? ಆಕೆಯ ಮಾವನ ಕಾಲದ ಬಿದ್ದ ಮನೆಯ ಗೋಡೆಯಲ್ಲಿ ಒಳ್ಳೆಯ ಸೈಜುಗಲ್ಲುಗಳಿದ್ದವು. ಕಲ್ಲಿನ ಖರ್ಚು ಬಹುಪಾಲು ಉಳಿಯಿತು. ಸಂಘದಿಂದ ೧೫ ಸಾವಿರ ಸಾಲ. ಅದರ ಬಡ್ಡಿ ಕೈಗಡದ ಬಡ್ಡಿಗಿಂತ ಬಹಳ ಕಡಿಮೆ, ಅದೂ ತಿರುಗಿ ಸಂಘಕ್ಕೇ ಸೇರುವುದು. ಉದ್ಯೋಗ ಖಾತರಿ ಯೋಜನೆಯಲ್ಲಿ ತನ್ನ ಮನೆಯ ಕೆಲಸವನ್ನು ತಾನೇ ಮಾಡಿದರೂ ೯೦ ದಿನಗಳವರೆಗೆ ಕೂಲಿ ಪಡೆಯಲು ಅವಕಾಶವಿದೆಯೆಂಬುದನ್ನು ನಾನು ತಿಳಿಸಿದೆ. ಆ ವರ್ಷ ನಮ್ಮ ರಾಜ್ಯದಲ್ಲಿ ದಿನಗೂಲಿ ೨೪೯ ರೂಪಾಯಿ. ೯೦ ದಿನಕ್ಕೆ ೨೨,೪೧೦. ಅದರ ಒಂದು ಪಾಲು ಪಾಯ ತೋಡುವ ಕೆಲಸಕ್ಕೇ ಸಲ್ಲುತ್ತದೆ. "ಊರೋರ ಪಾಯ ತೋಡಿದ್ದೀನಿ, ನಂದು ತೋಡೋಕೂ ಕೂಲಿ ಕೊಡ್ತಾರಾ?" ಎಂದು ಆಕೆ ನಗೆಯಾಡಿದಳು. ಸಿಮೆಂಟು ಅಂಗಡಿಯವರು ಮಂಜೂರಾತಿ ಆದೇಶದ ಪ್ರತಿ ನೋಡಿ ಹದಿನೈದು ಮೂಟೆ ಉದ್ದರಿ ಕೊಡಲು ಒಪ್ಪಿದರು.

ನನ್ನ ಪಾಲಿಗೆ ಉಳಿದುದು ಒಂದೇ ಕೆಲಸ. ಅದು ಬಹಳ ಸಣ್ಣದು. ತಳಪಾಯ ಮುಗಿದ ದಿನವೇ ಹೋಗಿ ಫೋಟೋ ತೆಗೆದು, ಅಂದೇ ಕಳುಹಿಸುವುದು.

ಈ ಸಣ್ಣ ಕೆಲಸದ ಬೆಲೆಯನ್ನು ನನ್ನ ಜತೆಯ ಕಿರಿಯರಿಗೆ ನಾನು ಒಂದು ಲೆಕ್ಕದಿಂದ ತಿಳಿಸುತ್ತಿದ್ದೆ. ೪೦ ಸಾವಿರಕ್ಕೆ ತಿಂಗಳಿಗೆ ೧,೨೦೦ ಬಡ್ಡಿಯೆಂದರೆ ದಿನಕ್ಕೆ ೪೦ ರೂಪಾಯಿ. ನಮ್ಮ ಮೇಜಿನ ಮೇಲೆ ಒಂದು ಕಡತ ಹತ್ತು ದಿನ ಮಲಗಿದರೆ, ೨೪೯ ರೂಪಾಯಿ ಕೂಲಿಯವಳೊಬ್ಬಳು ೪೦೦ ರೂಪಾಯಿ ತೆರುತ್ತಾಳೆ. ನಾವು ಅವಳಿಂದ ಕಾಸೂ ಮುಟ್ಟಿರುವುದಿಲ್ಲ. ಕೈ ಶುದ್ಧವಾಗಿದೆಯೆಂದು ನೆಮ್ಮದಿಯಿಂದ ಊಟ ಮಾಡುತ್ತೇವೆ. ಆದರೂ ಅವಳ ಎರಡು ದಿನದ ದುಡಿಮೆಗೆ ಸಮೀಪವಾದ ಹಣ ನಮ್ಮ ಮೇಜಿನ ಮೇಲೆ ಕರಗಿಹೋಗಿರುತ್ತದೆ. ಲಂಚಕ್ಕೆ ಶಿಕ್ಷೆಯುಂಟು, ತಡಕ್ಕೆ ಸಾಮಾನ್ಯವಾಗಿ ಒಂದು ಜ್ಞಾಪನಪತ್ರ ಮಾತ್ರ. ಕೊಡುವವಳಿಗೆ ಇವೆರಡರಲ್ಲಿ ಏನು ವ್ಯತ್ಯಾಸ?

ಆಕೆಯ ಮನೆ ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಮೊದಲ ಕಂತು ಬಂದ ಕೂಡಲೇ ಸಂಘದ ಸಾಲ ತೀರಿಸಿ, ಗೋಡೆಗೆಂದು ಮತ್ತೆ ಅಲ್ಲಿಯೇ ಪಡೆದಳು. ಛಾವಣಿಯ ದಿನ ಸಂಘದ ಹೆಂಗಸರೇ ಸಾಲಾಗಿ ನಿಂತು ಬಾಣಲಿ ದಾಟಿಸಿದರು. ಮೇಸ್ತ್ರಿಗೆ ಮಾತ್ರ ಕೂಲಿ, ಉಳಿದವರಿಗೆ ಮುದ್ದೆ, ಅವರೆಕಾಳಿನ ಸಾರು. ಹೊರಗೋಡೆಗೆ ಗಿಲಾವು ಆಗಲಿಲ್ಲ. ಅದಕ್ಕೆ ಹಣ ಸಾಲಲಿಲ್ಲ. ಕಡತದಲ್ಲಿ ಆಕೆಯ ನಾಲ್ಕು ಫೋಟೋಗಳಿದ್ದವು. ಮೊದಲ ಮೂರರಲ್ಲಿಯೂ ಅದೇ ಹಸಿರು ಸೀರೆ. ನಾಲ್ಕನೆಯದರಲ್ಲಿ ಮಾತ್ರ ಬೇರೆ ಸೀರೆ, ಕಂಕುಳಲ್ಲಿ ಮೊಮ್ಮಗ. ಫಲಾನುಭವಿ ಒಬ್ಬರೇ ನಿಲ್ಲಬೇಕೆಂದು ತಾಲ್ಲೂಕಿನಿಂದ ಆಕ್ಷೇಪಣೆ ಬರಬಹುದೆಂದು ನಮ್ಮ ಗಣಕಯಂತ್ರದ ಹುಡುಗ ಹೆದರಿದ. ಬರಲಿಲ್ಲ.

ಆದರೆ ಒಂದು ಮನೆಯ ಕಥೆ ಹೇಳಿ ಎಲ್ಲವೂ ಸುಖಾಂತವಾಯಿತೆನ್ನುವುದು ಸರಿಯಲ್ಲ. ಎಲ್ಲ ಊರಿನಲ್ಲಿಯೂ ಗಟ್ಟಿಯಾದ ಸಂಘಗಳಿರುವುದಿಲ್ಲ. ಎಲ್ಲರ ಮಾವಂದಿರೂ ಸೈಜುಗಲ್ಲಿನ ಗೋಡೆ ಬಿಟ್ಟುಹೋಗಿರುವುದಿಲ್ಲ. ಜನರ ಒಳ್ಳೆಯತನದ ಮೇಲೆ ನಿಲ್ಲುವ ಯೋಜನೆಗೆ ತಳಪಾಯ ಗಟ್ಟಿಯಲ್ಲ. ಅಕ್ಕನ ಮನೆಗೆ ಛಾವಣಿಯಾಗಬೇಕಾದರೆ ಇನ್ನೂ ಎರಡು ವರ್ಷ ಬೇಕಾಯಿತು. ಅವಳ ಮಗ ಬೆಂಗಳೂರಿನಲ್ಲಿ ಒಂದು ಬಹುಮಹಡಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಸೇರಿ, ಮನೆಗೆ ಹಣ ಕೂಡಿಸಿ, ಹನ್ನೆರಡನೆಯ ಮಹಡಿಗೆ ಮೋಲ್ಡ್ ಹಾಕಿದ ವರ್ಷವೇ ತನ್ನ ತಾಯಿಯ ಮನೆಗೂ ಮೋಲ್ಡ್ ಹಾಕಿದ.

ಇದಕ್ಕೆ ಪರಿಹಾರ ಎಲ್ಲಿಯೋ ಹುಡುಕಬೇಕಾದುದಲ್ಲ. ೨೦೧೬ರ ಕೇಂದ್ರ ಯೋಜನೆಯ ಮಾರ್ಗಸೂಚಿಯಲ್ಲಿಯೇ, ಮಂಜೂರಾತಿ ಆದೇಶವಾದ ಏಳು ಕೆಲಸದ ದಿನಗಳೊಳಗೆ ಮೊದಲ ಕಂತನ್ನು ಫಲಾನುಭವಿಯ ಖಾತೆಗೆ ಹಾಕಬೇಕೆಂದು ಬರೆದಿದೆ. ಎಂದರೆ ಗುದ್ದಲಿ ಬೀಳುವುದಕ್ಕೂ ಮುಂಚೆ. ಬಯಸಿದವರಿಗೆ ೭೦ ಸಾವಿರದವರೆಗೆ ಬ್ಯಾಂಕಿನ ಸಾಲ ಕೊಡಿಸಲು ನೆರವಾಗಬೇಕೆಂದೂ ಇದೆ. ಬರೆದವರು ಯಾರೋ ತಿಳಿದವರು. ಮುಂಗಡವಾಗಿ ಕೊಟ್ಟ ಹಣದಲ್ಲಿ ಒಂದಿಷ್ಟು ಪೋಲಾಗುವುದೆಂಬ ಭಯ ಸರಕಾರಕ್ಕೆ ಸಹಜ. ಆದರೆ ಅರ್ಧಕ್ಕೆ ನಿಂತ ಗೋಡೆಗಳೊಳಗೆ ಹೂತುಹೋದ ಎರಡೆರಡು ಕಂತುಗಳನ್ನೂ ಪೋಲಿನ ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ಕೈಯಲ್ಲಿ ಕಾಸಿಲ್ಲದವಳಿಗೆ ಮೊದಲ ಕಂತನ್ನು ಮೊದಲೇ ಕೊಟ್ಟು, ಉಳಿದ ಮೂರಕ್ಕೆ ಬೇಕಾದಷ್ಟು ಫೋಟೋ ತೆಗೆದರೆ ಕಳ್ಳನಿಗೂ ದಾರಿ ತೆರೆಯುವುದಿಲ್ಲ, ಮನೆಯವಳೂ ಹೊರಗೆ ನಿಲ್ಲುವುದಿಲ್ಲ. ಇಪ್ಪತ್ತೇಳು ವರ್ಷ ಕಾಗದ ತಿರುವಿಹಾಕಿ ನಾನು ಕಲಿತುದು ಇಷ್ಟೇ: ಸಹಾಯಧನದಲ್ಲಿ ಎಷ್ಟು ಕೊಟ್ಟರೆಂಬುದರಷ್ಟೇ ಮುಖ್ಯ, ಯಾವಾಗ ಕೊಟ್ಟರೆಂಬುದು.

ನಗರದ ಓದುಗರಿಗೆ ಇದರಿಂದೇನೆಂದು ಕೇಳಬಹುದು. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ಬದಿಯಲ್ಲಿ ತಗಡಿನ ಜೋಪಡಿ ಹಾಕಿಕೊಂಡು ಮಗುವನ್ನು ಮರಳ ರಾಶಿಯ ಮೇಲೆ ಆಡಲು ಬಿಟ್ಟ ದಂಪತಿಗಳನ್ನು ನೀವು ನೋಡಿರುತ್ತೀರಿ. ಒಮ್ಮೆ ಮಾತನಾಡಿಸಿ. ಅವರಲ್ಲಿ ಹಲವರಿಗೆ ಊರಿನಲ್ಲಿ ಒಂದು ಮನೆಯಿದೆ. ಅದು ಲಿಂಟಲಿನವರೆಗೆ ಬಂದಿದೆ. ಅದರ ಛಾವಣಿಯನ್ನು ಕೂಡಿಹಾಕುವುದಕ್ಕೆಂದೇ ಅವರು ನಮ್ಮ ಮನೆಗಳಿಗೆ ಛಾವಣಿ ಹಾಕಲು ಬಂದಿದ್ದಾರೆ.

ಇನ್ನು ಮುಂದೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗುವಾಗ ಊರಂಚಿನಲ್ಲಿ ತಲೆಯಿಲ್ಲದ ನಾಲ್ಕು ಗೋಡೆಗಳು ಕಂಡರೆ, ಪಕ್ಕದವರೊಡನೆ "ನೋಡಿ, ಸರಕಾರದ ದುಡ್ಡು ತಿಂದು ಹಾಗೇ ಬಿಟ್ಟಿದ್ದಾರೆ" ಎನ್ನುವ ಮುಂಚೆ ಒಂದು ಕ್ಷಣ ತಡೆಯಿರಿ. ಆ ಗೋಡೆಗಳನ್ನು ಅಷ್ಟು ಎತ್ತರಕ್ಕೆ ತಂದವರು ಎಷ್ಟು ತೆತ್ತಿದ್ದಾರೆಂಬುದು ಹೊರಗಿನಿಂದ ಕಾಣುವುದಿಲ್ಲ.